ಯಾವ ಪರೀಕ್ಷಾ ಅದರಿ?

ಕುಸನೂರಿನಲ್ಲಿ ದಪ್ಪ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತವನನ್ನು ಕಂಡರೆ ಯಾರೂ ರಸಿಕ ಅನ್ನುವುದಿಲ್ಲ, ಪರೀಕ್ಷೆಗೆ ಕೂತವ ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ ಬಿಡಿ. ಬಗಲಿಗೇ ಗುಲಬರ್ಗಾ ವಿಶ್ವವಿದ್ಯಾಲಯ. ಸುತ್ತಮುತ್ತ ಬಾಡಿಗೆ ಖೋಲಿಗಳು. ಖೋಲಿಯೊಳಗೆ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಜಪ ಮಾಡುವ ಹುಡುಗರು. ನೌಕರಿ ಮೀಸಲಾತಿಯ 371(ಜೆ) ಬಂದ ಮೇಲಂತೂ ನಮ್ಮ ಕಡೆ ಪುಸ್ತಕ ಅಂದರೆ ನೌಕರಿ, ನೌಕರಿ ಅಂದರೆ ಪುಸ್ತಕ. ಹೀಗಾಗಿ ತಲೆ ಪೂರಾ ನರೆತ ನನ್ನಂಥವನ ತೊಡೆಯ ಮೇಲೆ ಇಟ್ಟಿಗೆ ಗಾತ್ರದ್ದೊಂದು ಕಂಡರೂ ಹಾದು ಹೋಗುವವರು ನಿಂತು ಕೇಳುವುದು ಒಂದೇ:

"ಯಾವ ಪರೀಕ್ಷಾ ಅದರಿ?"

"ಪರೀಕ್ಷಾ ಇಲ್ಲೋ ತಮ್ಮಾ, ಕಾದಂಬರಿ."

"ಇಷ್ಟ್ ದಪ್ಪಂದಾ? ಎದಕ್ಕ ಬರ್ತದರಿ ಇದು?"

"ಎದಕ್ಕೂ ಬರಂಗಿಲ್ಲ."

ಆಗ ಅವನ ಮುಖದ ಮೇಲೆ ಬರುವ ಕನಿಕರ ನೋಡಬೇಕು. ದವಾಖಾನೆಯಲ್ಲಿ ಪರಿಚಯದವರನ್ನು ಕಂಡಾಗ ಬರುವಂಥದ್ದು. "ಹೌದಾ, ಓದ್ರಿ ಓದ್ರಿ, ಟೈಮ್ ಹೋಗಬೇಕಲ್ಲ" ಎಂದು ಸಮಾಧಾನ ಹೇಳಿ ಹೋಗುತ್ತಾನೆ. ಟೈಮ್ ತಾನಾಗಿಯೇ ಹೋಗುತ್ತದಪ್ಪಾ, ಅದಕ್ಕೆ ಆರು ಸಂಪುಟದ ಕಾದಂಬರಿ ಬೇಕಾಗಿಲ್ಲ. ಕಾದಂಬರಿ ಬೇಕಾಗಿರುವುದು ಹೋದ ಟೈಮನ್ನು ಹಿಡಿದು ತಂದು ಕಟ್ಟೆಯ ಮೇಲೆ ಕುಂದ್ರಿಸಲಿಕ್ಕೆ. ಇದನ್ನೆಲ್ಲ ಹೇಳಿದರೆ ಅವನ ಬಸ್ಸು ತಪ್ಪುತ್ತದೆ.

ಆರು ಸಂಪುಟ ಅಂದೆನಲ್ಲ, ಅದು ಮಾತಿನ ಅಲಂಕಾರವಲ್ಲ. ಬಿ. ಪುಟ್ಟಸ್ವಾಮಯ್ಯನವರು ಬಸವಣ್ಣನ ಕಾಲದ ಕಲ್ಯಾಣದ ಮೇಲೆ ಬರೆದ ಕಾದಂಬರಿ ಮಾಲೆ ಲೆಕ್ಕ ಹಾಕಿದರೆ ಬರೋಬರಿ ಆರು: ಉದಯರವಿ, ರಾಜ್ಯಪಾಲ, ಕಲ್ಯಾಣೇಶ್ವರ, ನಾಗಬಂಧ, ಮುಗಿಯದ ಕನಸು, ಕ್ರಾಂತಿಕಲ್ಯಾಣ. ಕೊನೆಯದಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಇವರು ಪತ್ರಕರ್ತರಾಗಿದ್ದವರು, ನಾಟಕಕಾರರು. ಗುಬ್ಬಿ ಕಂಪನಿಗೆ 'ಕುರುಕ್ಷೇತ್ರ' ಬರೆದುಕೊಟ್ಟವರು. ಆ ನಾಟಕದಲ್ಲಿ ವೀರಣ್ಣನವರು ರಂಗದ ಮೇಲೆ ಜೀವಂತ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ್ದು ದಂತಕಥೆ. ಅಂಥ ಕಂಪನಿಗೆ ಬರೆದ ಕೈ ಕಾದಂಬರಿಗೆ ಇಳಿದರೆ ಕಾಗದ ಉಳಿಸುತ್ತದೆ ಎಂದು ಯಾರು ತಾನೆ ಎದುರು ನೋಡಬೇಕು?

ನಾನಿರುವ ಜಾಗದಿಂದ ಆ ಕತೆಯ ಜಾಗಕ್ಕೆ ಹೆಚ್ಚು ದೂರವಿಲ್ಲ. ಕಲಬುರಗಿಯಲ್ಲಿ ಬಸ್ಸು ಹತ್ತಿದರೆ ಕಮಲಾಪುರ, ಹುಮನಾಬಾದ್, ಆಮೇಲೆ ಬಸವಕಲ್ಯಾಣ. ಓದುಗನಿಗೆ ಇದೊಂದು ದೊಡ್ಡ ಸೊಕ್ಕು. ರಷ್ಯಾದವರು ಟಾಲ್‌ಸ್ಟಾಯ್ ಓದಿ ಬೊರೊಡಿನೊ ನೋಡಲು ಹೋಗುತ್ತಾರಂತೆ, ಹೋಗಲಿ. ನಾವು ಕಮಲಾಪುರದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕೈ ಚಾಚಿ ಒಂದು ಡಜನ್ ಕೆಂಬಾಳೆ ಇಸಿದುಕೊಂಡು, ಸಿಪ್ಪೆ ಸುಲಿಯುತ್ತ, ಬಿಜ್ಜಳನ ರಾಜಧಾನಿಗೆ ಟಿಕೆಟ್ ತೆಗೆದುಕೊಂಡು ಹೋಗುತ್ತೇವೆ. ಕಂಡಕ್ಟರ್ ಚಿಲ್ಲರೆ ಕೊಡುವುದಿಲ್ಲ, ಅದೊಂದು ಬಿಟ್ಟರೆ ಇತಿಹಾಸದೊಳಗೆ ಇಷ್ಟು ಸುಲಭದ ದಾರಿ ಬೇರೆಲ್ಲಿದೆ?

ಹೊರಗಿನವರಿಗೆ ಇಂಥ ಪುಸ್ತಕದ ಮೊದಲ ಐವತ್ತು ಪುಟ ಹತ್ತುವುದು ಕಷ್ಟ. ಕಾರಣ ಹೆಸರುಗಳು. ಕಲ್ಯಾಣದ ಚಾಲುಕ್ಯರ ವಂಶಾವಳಿ ಒಮ್ಮೆ ನೋಡಿ. ಒಂದನೇ ಸೋಮೇಶ್ವರ ಆಹವಮಲ್ಲ, ತ್ರೈಲೋಕ್ಯಮಲ್ಲ. ಎರಡನೇ ಸೋಮೇಶ್ವರ ಭುವನೈಕಮಲ್ಲ. ಆರನೇ ವಿಕ್ರಮಾದಿತ್ಯ ತ್ರಿಭುವನಮಲ್ಲ. ಮೂರನೇ ಸೋಮೇಶ್ವರ ಭೂಲೋಕಮಲ್ಲ. ಅವನ ಮಗ ಜಗದೇಕಮಲ್ಲ. ಇಷ್ಟೆಲ್ಲ ಮಲ್ಲರಿದ್ದ ಮನೆಗೆ ಮಂಗಳವೇಢೆಯ ಕಳಚುರಿ ಸಾಮಂತ ಬಿಜ್ಜಳ ಬಂದು ಗಾದಿ ಹೊಡೆದುಕೊಂಡಾಗ ಅವನೂ ತನ್ನನ್ನು ತ್ರಿಭುವನಮಲ್ಲ ಅಂದುಕೊಂಡ. ಬೆಂಗಳೂರಿನ ಓದುಗ ಇಲ್ಲಿಗೆ ಬಂದು ಪುಸ್ತಕ ಮುಚ್ಚಿಡುತ್ತಾನೆ. ನಮಗೆ ಏನೂ ಅನ್ನಿಸುವುದಿಲ್ಲ. ನಮ್ಮ ಕಡೆ ಓಣಿಗೆ ನಾಲ್ಕು ಮಂದಿ ಮಲ್ಲಪ್ಪ, ಮಲ್ಲಿನಾಥ, ಮಲ್ಲಿಕಾರ್ಜುನ ಇದ್ದೇ ಇರುತ್ತಾರೆ. ಗಿರಣಿ ಮಲ್ಲಪ್ಪ ಬೇರೆ, ಟ್ರ್ಯಾಕ್ಟರ್ ಮಲ್ಲಪ್ಪ ಬೇರೆ, ಇಬ್ಬರ ಉದ್ರಿಯೂ ಬೇರೆ, ಒಂದು ದಿನವೂ ಯಾರೂ ಎಡವಿದ್ದಿಲ್ಲ. ಭುವನೈಕ ಯಾರು, ತ್ರಿಭುವನ ಯಾರು ಎಂದು ನೆನಪಿಡುವುದು ಅದಕ್ಕಿಂತ ಹೆಚ್ಚಿನ ವಿದ್ಯೆಯೇನಲ್ಲ. ಸಾಲ ಯಾರಿಗೆ ಕೊಡಬೇಕು ಎನ್ನುವುದು ಗೊತ್ತಿದ್ದರೆ ಸಾಕು.

ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ'ಯಲ್ಲೂ ಇದೇ ತೊಂದರೆ. ಒಬ್ಬೊಬ್ಬರಿಗೆ ಮೂರು ಮೂರು ಹೆಸರು: ಹುಟ್ಟಿದ ಹೆಸರು, ಅಪ್ಪನ ಹೆಸರು, ಮನೆತನದ್ದು, ಅದರ ಮೇಲೆ ಅವ್ವ ಮುದ್ದಿಗೆ ಕರೆಯುವುದು. ದೇಜಗೌ ಅದನ್ನು ಕನ್ನಡಕ್ಕೆ ತಂದರು, ಓ.ಎಲ್. ನಾಗಭೂಷಣಸ್ವಾಮಿಯವರು ಮತ್ತೊಮ್ಮೆ ತಂದರು. ಅಷ್ಟು ದೊಡ್ಡ ಪುಸ್ತಕವನ್ನು ಓದುವುದಕ್ಕೇ ನಾವು ಏದುಸಿರು ಬಿಡುವಾಗ ಇಬ್ಬರು ಮನುಷ್ಯರು ಕೂತು ಬರೆದಿದ್ದಾರೆ. ಅನುವಾದಕರಿಗೆ ಕೊಡುವ ಪ್ರಶಸ್ತಿಯ ಜೊತೆ ಒಂದು ಒಳ್ಳೆಯ ಕುರ್ಚಿಯನ್ನೂ ಕೊಡಬೇಕು ಎಂಬುದು ನನ್ನ ಹಳೆಯ ಬೇಡಿಕೆ.

ನಾನು ಓದುವುದು ಹಳೆಯ ಪ್ರತಿಗಳನ್ನು. ಹಳೆಯ ಪ್ರತಿಯ ಗಮ್ಮತ್ತೇ ಬೇರೆ. ನಿಮಗಿಂತ ಮುಂಚೆ ಓದಿದ ಪುಣ್ಯಾತ್ಮರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟಿರುತ್ತಾರೆ. ಒಬ್ಬ "ಸುಳ್ಳು" ಎಂದು ಬರೆದಿರುತ್ತಾನೆ. ಅದರ ಕೆಳಗೆ ಇನ್ನೊಬ್ಬ "ನೀ ನೋಡೀಯೇನು?" ಎಂದು ಕೇಳಿರುತ್ತಾನೆ. ಇನ್ನೊಂದು ಕಡೆ, ಪಾತ್ರವೊಂದು ಮೊದಲ ಸಲ ನಗುನಗುತ್ತ ಬಾಗಿಲೊಳಗೆ ಕಾಲಿಟ್ಟ ಸಾಲಿನ ಮಗ್ಗುಲಲ್ಲೇ, "ಇವನು ಮುಂದೆ ಕೈಕೊಡುತ್ತಾನೆ, ಹುಷಾರ್." ಪತ್ತೇದಾರಿ ಕಾದಂಬರಿಯಲ್ಲಿ ಹೀಗೆ ಬರೆದವನನ್ನು ಹುಡುಕಿ ಹೊಡೆಯಬಹುದು. ಐತಿಹಾಸಿಕ ಕಾದಂಬರಿಯಲ್ಲಿ ಅವನ ಮೇಲೆ ಸಿಟ್ಟೇ ಬರುವುದಿಲ್ಲ. ಅವನಿಗಿಂತ ಮುಂಚೆ ಇತಿಹಾಸವೇ ಎಲ್ಲವನ್ನೂ ಹೇಳಿ ಕೂತಿರುತ್ತದೆ.

ನಮ್ಮ ಮನೆಯಲ್ಲಿ ತಕರಾರು ಇರುವುದೂ ಇಲ್ಲಿಯೇ.

"ಕೊನಿಗೆ ಬಿಜ್ಜಳ ಸಾಯ್ತಾನ, ಹೌದಲ್ಲ?"

"ಹೌದು."

"ಹರಳಯ್ಯ, ಮಧುವರಸಗ ಶಿಕ್ಷಾ ಆಗ್ತದ?"

"ಆಗ್ತದ."

"ಶರಣರೆಲ್ಲ ಕಲ್ಯಾಣ ಬಿಟ್ಟು ಉಳವಿ ಕಡೀಗಿ ಹೋಗ್ತಾರ?"

"ಹೋಗ್ತಾರ."

"ಎಲ್ಲಾ ಗೊತ್ತದ. ಮತ್ತ ಯಾಕ ಓದ್ಲಾಕತ್ತೀರಿ? ನಿಮಗಿಂತ ಆ ಧಾರಾವಾಹಿ ನೋಡೋರು ಛಲೋ. ಅವ್ರಿಗರೆ ನಾಳಿಗೇನಾಗ್ತದ ಗೊತ್ತಿರಂಗಿಲ್ಲ."

ಪ್ರಶ್ನೆ ಸರಿಯಾದದ್ದೇ. ಅವಳು ಒಗ್ಗರಣೆ ಹಾಕುತ್ತ ಕೇಳಿದಳು ಎಂಬ ಕಾರಣಕ್ಕೆ ಅದರ ತೂಕ ಕಡಿಮೆಯಾಗುವುದಿಲ್ಲ. ಇತಿಹಾಸದ ಪಠ್ಯದಲ್ಲಿ ಬಿಜ್ಜಳ ಒಂದೂವರೆ ಸಾಲಿನಲ್ಲಿ ಸಾಯುತ್ತಾನೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ. 1167ರ ಸುಮಾರು ಎಂದು ಗುರುತು ಹಾಕಿದರೆ ಆಯಿತು. ಕಾದಂಬರಿಯಲ್ಲಿ ಅವನು ಸಾಯುವಷ್ಟರಲ್ಲಿ ನೀವು ಅವನ ಜೊತೆ ಸಂಪುಟಗಟ್ಟಲೆ ಬದುಕಿರುತ್ತೀರಿ. ಅವನ ಲೆಕ್ಕಾಚಾರ, ಅವನ ಅನುಮಾನ, ಭಂಡಾರಿ ಬಸವಣ್ಣನ ಮೇಲೆ ಅವನಿಗಿದ್ದ ಭರವಸೆ, ಚಾಡಿ ಕೇಳಿದಾಗ ಅದು ಒಂದೊಂದೇ ಎಳೆಯಾಗಿ ಕಳಚುವುದು, ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿರುತ್ತೀರಿ. ಜಗದೇವ, ಮಲ್ಲಯ್ಯ, ಬೊಮ್ಮಯ್ಯ ಅವನ ಹತ್ತಿರ ಬರುವ ಹೊತ್ತಿಗೆ ಅವನ ಸಾವು ನಿಮ್ಮ ಮನೆಯ ವಿಷಯವಾಗಿರುತ್ತದೆ. ಕೊನೆ ಗೊತ್ತಿರುವುದರಿಂದಲೇ ಓದುವವನು ಪುಟ ತಿರುಗಿಸಲು ಹಿಂದೆಮುಂದೆ ನೋಡುತ್ತಾನೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾತು ಶುರುವಾಯಿತೆಂದರೆ, ಈ ಮಾತುಕತೆ ಇನ್ನೂ ನಾಲ್ಕು ಅಧ್ಯಾಯ ಜಗ್ಗಲಿ, ಯಾರಾದರೂ ಮುಹೂರ್ತ ಸರಿಯಿಲ್ಲ ಅನ್ನಲಿ, ಲಗ್ನಪತ್ರಿಕೆ ತಡವಾಗಲಿ ಎಂದು ಬೇಡಿಕೊಳ್ಳುತ್ತಾನೆ. ಸಣ್ಣ ಕತೆಯಲ್ಲಿ ಹೀಗೆ ಬೇಡಿಕೊಳ್ಳಲು ಪುರಸೊತ್ತೇ ಇರುವುದಿಲ್ಲ. ದಪ್ಪ ಕಾದಂಬರಿ ಕೊಡುವುದು ಈ ಪುರಸೊತ್ತನ್ನೇ. ಆದದ್ದು ಆಗಿಯೇ ತೀರುತ್ತದೆ. ಆದರೆ ಆಗುವ ಮುಂಚಿನ ಸಂಜೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಕೂತಿರಬಹುದು.

ಕಲ್ಯಾಣದ ಕತೆಯನ್ನು ನಾಟಕಕಾರರೂ ಬಿಟ್ಟಿಲ್ಲ. ಲಂಕೇಶರು 'ಸಂಕ್ರಾಂತಿ' ಬರೆದರು, ಶಿವಪ್ರಕಾಶರು 'ಮಹಾಚೈತ್ರ' ಬರೆದರು, ಕಾರ್ನಾಡರು 'ತಲೆದಂಡ' ಬರೆದರು. ಮೂರೂ ಗಟ್ಟಿ ನಾಟಕಗಳೇ. ನೋಡುವಾಗ ಕುರ್ಚಿಯ ತುದಿಗೆ ಬರುತ್ತೇವೆ. ಆದರೆ ನಾಟಕದಲ್ಲಿ ಕಲ್ಯಾಣ ಒಂದು ರಾತ್ರಿಯಲ್ಲಿ ಉರಿದು ಹೋಗುತ್ತದೆ, ರಾತ್ರಿ ಹತ್ತೂವರೆಗೆ ಆಟೊ ಹಿಡಿದು ಮನೆಗೆ ಬಂದು ಮಲಗಬಹುದು. ನನ್ನ ಸೋದರಳಿಯ ಇದಕ್ಕಿಂತ ಮುಂದೆ ಹೋಗಿದ್ದಾನೆ. "ಮಾಮಾ, ಯೂಟ್ಯೂಬ್‌ನಾಗ ಹತ್ತ್ ಮಿನಿಟಿನಾಗ ಕಲ್ಯಾಣ ಕ್ರಾಂತಿ ಮುಗಸ್ತಾರ ನೋಡ್ರಿ" ಅಂದ. ಶರಣರಿಗೇ ಅಷ್ಟು ಲಗೂ ಮುಗಿಸಲಿಕ್ಕೆ ಆಗಲಿಲ್ಲಪ್ಪಾ, ನೀ ಯಾಕ ಅವಸರ ಮಾಡ್ತಿ ಎಂದೆ. ಅವನು ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾನಂತೆ. ಅಂದರೆ ಏಳು ಮಿನಿಟಿನೊಳಗೆ ಹನ್ನೆರಡನೆಯ ಶತಮಾನ ಖಲಾಸ್.

ಇನ್ನು ಪುಟ್ಟಸ್ವಾಮಯ್ಯನವರ ಮೇಲೆ ನನಗೆ ತಕರಾರೇ ಇಲ್ಲ ಎಂದಲ್ಲ. ಇವರದು ಅಂತಲ್ಲ, ಐತಿಹಾಸಿಕ ಕಾದಂಬರಿ ಬರೆದ ನಮ್ಮ ದೊಡ್ಡವರೆಲ್ಲರ ಮೇಲೂ ಕಲಬುರಗಿ, ಬೀದರ ಸೀಮೆಯವರದು ಒಂದು ಜಂಟಿ ಅರ್ಜಿ ಇದೆ. ಕಲ್ಯಾಣದ ಅರಸ, ಅಗಸ, ಅಂಬಿಗ, ಎಲ್ಲರೂ ಪುಸ್ತಕದ ಕನ್ನಡವನ್ನು ಇಸ್ತ್ರಿ ಮಾಡಿಕೊಂಡು ಮಾತಾಡುತ್ತಾರೆ. "ಮಹಾಪ್ರಭು, ತಮ್ಮ ಅಪ್ಪಣೆಯಂತೆಯೇ ಆಗಲಿ." ಎಲಾ! ಈ ನೆಲದಲ್ಲಿ ನಿಂತವ ಒಬ್ಬನಾದರೂ "ಆಗ್ಲಿ ತಗೋರಿ, ಮಾಡ್ತೀನಿ, ಯಾಕ ಹಂಗ ಹರಿಹಾಯ್ಲಾಕತ್ತೀರಿ" ಅನ್ನಬಾರದೇ? ಹನ್ನೆರಡನೆಯ ಶತಮಾನದಲ್ಲಿ ಹೀಗೆ ಮಾತಾಡುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಅಷ್ಟು ಶುದ್ಧವಾಗಿಯಂತೂ ಮಾತಾಡಿರಲಿಕ್ಕಿಲ್ಲ. ಸುರಪುರ, ಹುಮನಾಬಾದ್ ಸಂತೆಯಲ್ಲಿ ಎತ್ತಿಗೆ ದರ ಕಟ್ಟುವ ಮನುಷ್ಯನ ಬಾಯಿಗೆ ಒಂದು ವಿಭಕ್ತಿ ಪ್ರತ್ಯಯವೂ ಬಿಡದ ಕನ್ನಡ ತುರುಕಿದರೆ ಎತ್ತು ಕೂಡ ನಂಬುವುದಿಲ್ಲ. ಆಮೇಲೆ ಓದುತ್ತ ಓದುತ್ತ ನಾನೇ ಅವರ ಮಾತನ್ನು ನಮ್ಮ ಮಾತಿಗೆ ತಿರುಗಿಸಿಕೊಂಡು ಓದುವುದನ್ನು ರೂಢಿ ಮಾಡಿಕೊಂಡೆ. ಬಿಜ್ಜಳ ಆಸ್ಥಾನದಲ್ಲಿ "ಏನ್ ನಡ್ಸೀರಿ ಇಲ್ಲಿ?" ಎಂದು ಗುಡುಗಿದಾಗಿನಿಂದ ಕಾದಂಬರಿಗೆ ಬೇರೆಯೇ ಜೀವ ಬಂದಿದೆ.

ಊರಿನ ಅಭಿಮಾನ ಇನ್ನೊಂದು ತರಹವೂ ಕಾಡುತ್ತದೆ. ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ' ನಾಲ್ಕು ಸಂಪುಟ. ಮೊದಲ ಮೂರ್ತಿದೇವಿ ಪ್ರಶಸ್ತಿ ಬಂದದ್ದು ಅದಕ್ಕೇ. ಶಾಂತಲೆಯ ಕತೆ ಎಂದರೆ ವಿಷ್ಣುವರ್ಧನನ ಕತೆ, ವಿಷ್ಣುವರ್ಧನನ ಕತೆ ಎಂದರೆ ಹೊಯ್ಸಳರು ಯಾರ ನೊಗ ಕಳಚಿಕೊಂಡರು ಎಂಬ ಕತೆ. ಯಾರದು? ನಮ್ಮದೇ! ಕಲ್ಯಾಣದ ಆರನೇ ವಿಕ್ರಮಾದಿತ್ಯನದು. 1118ರಲ್ಲಿ ಕನ್ನೇಗಾಲದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜ ರಾತ್ರಿ ಹೊತ್ತಿನಲ್ಲಿ ಬಂದು ಚಾಲುಕ್ಯರ ಪಾಳೆಯದ ಮೇಲೆ ಬಿದ್ದ. ಬೇಲೂರು ಹಳೇಬೀಡಿನ ಕಡೆಯವರು ಇದನ್ನು ಓದಿ ಎದೆಯುಬ್ಬಿಸುತ್ತಾರೆ. ಕುಸನೂರಿನಲ್ಲಿ ಕೂತು ಓದಿದರೆ ಬೇರೆಯೇ ಕಾಣುತ್ತದೆ: ಮಲಗಿದ ಮಂದಿಯ ಮೇಲೆ ಬೀಳುವುದು ಯಾವ ಸೀಮೆಯ ಶೌರ್ಯ? ಹಾಸನ ಜಿಲ್ಲೆಯ ಗೆಳೆಯರೊಬ್ಬರ ಜೊತೆ ಈ ವಿಷಯಕ್ಕೆ ಫೋನಿನಲ್ಲಿ ಜೋರು ಜಗಳವೇ ಆಯಿತು. ಒಂಬೈನೂರು ವರ್ಷದ ಹಿಂದಿನ ಯುದ್ಧಕ್ಕೆ ರಾಜಿ ಮಾಡಿಸಲು ನನ್ನ ಹೆಂಡತಿ ಫೋನು ಕಸಿದುಕೊಂಡು, "ಅಣ್ಣಾರೆ, ಅಲ್ಲಿ ಮಳಿ ಆಗ್ಯಾದೇನ್ರಿ?" ಎಂದು ಮಾತು ತಿರುಗಿಸಬೇಕಾಯಿತು.

ದಪ್ಪ ಪುಸ್ತಕದ ಚಟ ನನಗೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ಇದು ಕಲ್ಯಾಣದ ನೀರಿನ ಗುಣ. ಕಾಶ್ಮೀರದಿಂದ ನಡೆದು ಬಂದ ಬಿಲ್ಹಣ ಇಲ್ಲಿ ಕೂತು ವಿಕ್ರಮಾದಿತ್ಯನ ಮೇಲೆ ಹದಿನೆಂಟು ಸರ್ಗದ ಕಾವ್ಯ ಬರೆದ. ಅದೇ ಅರಸನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ನಮ್ಮ ಮರತೂರಿನವ. ಅವನು ಬರೆದ ಮಿತಾಕ್ಷರ ಹಿಡಿದುಕೊಂಡು ಮುಂದೆ ಬ್ರಿಟಿಷ್ ಕೋರ್ಟುಗಳಲ್ಲಿ ಬಂಗಾಳ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡರು. ಹೆಸರಿನಲ್ಲಿ ಮಿತ ಇದೆ ಎಂದು ನಂಬಿ ಪುಸ್ತಕ ಎತ್ತಲು ಹೋಗಬೇಡಿ, ಕೈ ಹಿಡಿದುಕೊಂಡೀತು. ಆಮೇಲೆ ಬಂದ ಮೂರನೇ ಸೋಮೇಶ್ವರನಂತೂ, ಅದೇ ಭೂಲೋಕಮಲ್ಲ, ರಾಜ್ಯಭಾರದ ನಡುವೆಯೇ 'ಮಾನಸೋಲ್ಲಾಸ' ಬರೆದ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ಆನೆ ಹಿಡಿಯುವುದರಿಂದ ಅತ್ತರು ಮಾಡುವ ತನಕ, ಸಂಗೀತದಿಂದ ಹೊಲದ ಇಲಿ ಹುರಿಯುವ ತನಕ ಅದರೊಳಗೆ ಇಲ್ಲದ್ದಿಲ್ಲ. ಗಾದಿಯ ಮೇಲೆ ಕೂತ ಅರಸನಿಗೇ ನೂರು ಅಧ್ಯಾಯ ಬರೆಯಲು ಟೈಮ್ ಸಿಕ್ಕಿತು. ನಮ್ಮ ಮಂದಿಗೆ ಓದಲು ಸಿಗುವುದಿಲ್ಲವಂತೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋದರೆ ಆ ಕಾಲದ ಗುಡಿಯ ಗೋಡೆಯಲ್ಲೇ ಒಬ್ಬ ಶಿಲಾಬಾಲಿಕೆ ನಿಂತು ಬರೆಯುತ್ತಿದ್ದಾಳೆ, ವಿಕ್ರಮಾದಿತ್ಯನ ಹೊಗಳಿಕೆ. ಅವಳು ಇನ್ನೂ ಮುಗಿಸಿಲ್ಲ.

ಓದಿಸುವ ಚಟಕ್ಕೂ ಕನ್ನಡದಲ್ಲಿ ದೊಡ್ಡ ಹಿರೀಕರಿದ್ದಾರೆ. ಗಳಗನಾಥರು ವಿಜಯನಗರದ ಹುಟ್ಟಿನ ಮೇಲೆ 'ಮಾಧವ ಕರುಣಾವಿಲಾಸ'ವೆಂಬ ಹೆಬ್ಬೊತ್ತಿಗೆ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ದಪ್ಪ ಕಾದಂಬರಿ ಬರೆದರೆ ಹೊರಲೂ ಬೇಕಾಗುತ್ತದೆ ಎಂದು ತಿಳಿದಿದ್ದರೂ ಅವರು ಒಂದು ಪುಟ ಕಡಿಮೆ ಮಾಡಲಿಲ್ಲ, ಇದನ್ನು ಈಗಿನ ಪ್ರಕಾಶಕರು ಗಮನಿಸಬೇಕು. ತ.ರಾ.ಸು. ಚಿತ್ರದುರ್ಗವನ್ನು 'ಕಂಬನಿಯ ಕುಯಿಲು'ನಿಂದ ಹಿಡಿದು 'ದುರ್ಗಾಸ್ತಮಾನ'ದ ತನಕ ಒಂದರ ಬೆನ್ನಿಗೊಂದು ಕಾದಂಬರಿ ಕಟ್ಟಿ ಎಬ್ಬಿಸಿದರು. ಕನ್ನಡಿಗರಿಗೆಲ್ಲ ಆ ಕೋಟೆಯ ಬತ್ತೇರಿಗಳ ಹೆಸರು ಗೊತ್ತಿರುವುದು ಅವರಿಂದ. ಇತ್ತೀಚೆಗೆ, 2019ರಲ್ಲಿ, ವಸುಧೇಂದ್ರರ 'ತೇಜೋ ತುಂಗಭದ್ರಾ' ಲಿಸ್ಬನ್ನನ್ನೂ ವಿಜಯನಗರವನ್ನೂ ಒಂದೇ ಕತೆಗೆ ಕಟ್ಟಿದ್ದನ್ನು ನೋಡಿ, ಪರೀಕ್ಷೆಯ ಹುಡುಗರೂ ಒಂದೆರಡು ರಾತ್ರಿ ಸಾಮಾನ್ಯ ಜ್ಞಾನದ ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಅದನ್ನು ಓದಿದರು. 2020ರ ಫೆಬ್ರವರಿಯಲ್ಲಿ ಸಾಹಿತ್ಯ ಸಮ್ಮೇಳನ ನಮ್ಮ ಮಗ್ಗುಲಿಗೆ, ವಿಶ್ವವಿದ್ಯಾಲಯದ ಆವರಣಕ್ಕೇ ಬಂದಾಗ ಪುಸ್ತಕ ಮಳಿಗೆಗಳ ಮುಂದೆ ದೂಳೆಬ್ಬಿಸಿ ನಡೆದ ಜನವನ್ನು ನೋಡಿದರೆ, ಕಲಬುರಗಿಯವರು ಓದುವುದಿಲ್ಲ ಅನ್ನುವವರ ಬಾಯಿ ಮುಚ್ಚಬೇಕಿತ್ತು. ಊಟದ ಸಾಲು ಅದಕ್ಕಿಂತ ಉದ್ದವಿತ್ತು ಎಂದು ಅವರು ಹೇಳುತ್ತಾರೆ. ಇರಲಿ, ಎರಡೂ ಹಸಿವೇ.

ಆದರೆ ನನ್ನ ಹೊಟ್ಟೆಯುರಿ ಬೇರೆ ಇದೆ. ಕಲಬುರಗಿಯ ಕೋಟೆಯ ಮುಂದೆ ಹಾಯುವಾಗೆಲ್ಲ ಅನ್ನಿಸುತ್ತದೆ, ಫಿರೋಜ್ ಶಾ ಬಹಮನಿಯ ಕತೆಗೆ ಆರು ಸಂಪುಟವೂ ಸಾಲದು. ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಕೂತು ಫೆರಿಶ್ತಾ ಬರೆದದ್ದನ್ನು ಕೇಳಿ. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು, ಬಲು ಚೆಲುವೆ, ಜಾಣೆ. ವಿಜಯನಗರದ ದೇವರಾಯನಿಗೆ ಸುದ್ದಿ ಮುಟ್ಟಿತು, ಅರಮನೆಗೆ ಬಾ ಎಂದು ಹೇಳಿಕಳಿಸಿದ. ಆಕೆ ಒಲ್ಲೆ ಎಂದಳು. ಅರಸ ದಂಡು ಕಳಿಸಿದ. ದಂಡು ಬರುವಷ್ಟರಲ್ಲಿ ಮನೆಯವರು ಊರು ಬಿಟ್ಟಿದ್ದರು, ದಂಡಿನವರು ಬಹಮನಿ ಸೀಮೆಯಲ್ಲಿ ಸುಲಿಗೆ ಮಾಡಿ ಹೋದರು. ಅಷ್ಟಕ್ಕೆ ಫಿರೋಜ್ ಶಾ ಕಲಬುರಗಿಯಿಂದ ಹೊರಟ. ಇದು 1406. ಯುದ್ಧ ಮುಗಿದದ್ದು ಮದುವೆಯಲ್ಲಿ. ದೇವರಾಯ ತನ್ನ ಮಗಳನ್ನೇ ಸುಲ್ತಾನನಿಗೆ ಕೊಟ್ಟ. ಜೊತೆಗೆ ಬಂಕಾಪುರದ ಕೋಟೆ ಬಳುವಳಿ. ಸುಲ್ತಾನ ವಿಜಯನಗರದೊಳಗೆ ಹೋಗುವಾಗ ಆರು ಮೈಲಿ ದಾರಿಗೆ ಮಖಮಲ್ಲು ಹಾಸಿದ್ದರಂತೆ. ಆ ಅಕ್ಕಸಾಲಿಗನ ಮಗಳು ಸುಲ್ತಾನನ ಮಗನ ಕೈ ಹಿಡಿದಳು. ಇಷ್ಟೆಲ್ಲ ಸುಸೂತ್ರ ಆಯಿತಲ್ಲ, ಆಮೇಲೆ ಜಗಳ ಹತ್ತಿದ್ದು ಯಾತಕ್ಕೆ ಗೊತ್ತೇ? ಅಳಿಯನನ್ನು ಕಳಿಸಿಕೊಡಲು ಹೊರಟ ಮಾವ ಬಿಡಾರದ ತನಕ ಬರಲಿಲ್ಲ, ಅರ್ಧ ದಾರಿಗೇ ತಿರುಗಿ ಹೋದ! ಫಿರೋಜ್ ಶಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ಇದರಲ್ಲಿ ಎಷ್ಟು ಖರೆ, ಎಷ್ಟು ಫೆರಿಶ್ತಾನ ಕೈಗುಣ ಎಂಬ ತಕರಾರು ಇದ್ದೇ ಇದೆ. ಅವನು ಬರೆದದ್ದು ಎರಡು ಶತಮಾನ ಕಳೆದ ಮೇಲೆ. ಆದರೆ ಬೀಗರು ಗಾಡಿಯ ತನಕ ಬಂದು ಕಳಿಸಿಕೊಡಲಿಲ್ಲ ಎಂಬ ಕಾರಣಕ್ಕೆ ಮಾತು ಬಿಟ್ಟ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹೀಗಾಗಿ ಈ ಒಂದು ಭಾಗ ಮಾತ್ರ ಪುರಾವೆ ಇಲ್ಲದೆ ನಂಬುತ್ತೇನೆ. ಇಷ್ಟು ಸಾಲದು ಎಂದರೆ, ಅದೇ ಸುಲ್ತಾನನ ಕಾಲಕ್ಕೆ ಖ್ವಾಜಾ ಬಂದೇನವಾಜರು ಕಲಬುರಗಿಗೆ ಬಂದರು. ಮೊದಲು ಆದರ, ಆಮೇಲೆ ಇರಿಸುಮುರಿಸು. ಗುರುಗಳ ಒಲವು ಸುಲ್ತಾನನ ತಮ್ಮ ಅಹಮದನ ಕಡೆ ಹರಿಯಿತು. 1422ರಲ್ಲಿ ಅಣ್ಣ ಗಾದಿಯಿಂದ ಇಳಿದ, ತಮ್ಮ ಏರಿದ, ಅದೇ ವರ್ಷ ಖ್ವಾಜಾ ಅವರೂ ತೀರಿಕೊಂಡರು. ತಮ್ಮ ಮುಂದೆ ರಾಜಧಾನಿಯನ್ನೇ ಬೀದರಿಗೆ ಎತ್ತಿಕೊಂಡು ಹೋದ. ಇವತ್ತಿಗೂ ದರ್ಗಾದ ಉರುಸಿಗೆ ಎಲ್ಲ ಜಾತಿಯವರೂ ಹೋಗಿ ಮಿಠಾಯಿ ತರುತ್ತಾರೆ. ಸುಲ್ತಾನರು ಮಲಗಿರುವ ಹಫ್ತ್ ಗುಂಬಜಿಗೆ ಆಡು ಮೇಯಿಸುವವರು, ಫೋಟೊ ತೆಗೆಸಿಕೊಳ್ಳುವವರು ಬಿಟ್ಟರೆ ಬೇರೆಯವರು ಹೋಗುವುದು ಕಡಿಮೆ. ಅಣ್ಣ, ತಮ್ಮ, ಗುರು, ಮಾವ, ಒಲ್ಲೆ ಎಂದ ಹುಡುಗಿ: ಇಷ್ಟು ಮಂದಿಯನ್ನು ಇನ್ನೂರು ಪುಟದೊಳಗೆ ಹೆಂಗ ಕುಂದ್ರಿಸ್ತೀರಿ?

ನನ್ನ ಓದಿನ ಶಿಸ್ತೇನೂ ದೊಡ್ಡದಲ್ಲ. ಯುದ್ಧ ಬಂದರೆ ಪುಟ ಹಾರಿಸುತ್ತೇನೆ. ಬಾಣ ಸುಂಯ್ ಎಂದು ಹೋಯಿತು, ರಕ್ತದ ಕೋಡಿ ಹರಿಯಿತು, ಹೌದು, ಹರಿಯಲಿ, ಗೆದ್ದವರ್ಯಾರು ಹೇಳಿ. ಊಟ, ಸಂತೆ, ಚಾಡಿ, ಓಲೆ ಹೊತ್ತ ಓಲೆಕಾರ, ರಾತ್ರಿ ಕೋಟೆಯ ದಿಡ್ಡಿ ಬಾಗಿಲು ಬಂದರೆ ಎರಡೆರಡು ಸಲ ಓದುತ್ತೇನೆ. ಓದುವ ಕಾಲವೆಂದರೆ ಏಪ್ರಿಲ್, ಮೇ. ಹೊರಗೆ ನಲವತ್ತಮೂರು ಡಿಗ್ರಿ ಕಾಯ್ದು, ಓಣಿಯ ನಾಯಿಯೂ ಗಟಾರದಿಂದ ಎದ್ದು ಬರದ ಮಧ್ಯಾಹ್ನ. ಆ ಬಿಸಿಲಿನಲ್ಲಿ ಯಾರ ಮನೆಗೂ ಹೋಗುವಂತಿಲ್ಲ, ಯಾರೂ ಬರುವಂತಿಲ್ಲ. ಕರೆಂಟು ಹೋದರಂತೂ ಟಿವಿಯ ಕಾಟವೂ ಇಲ್ಲ. ಆಗ ಬಾಗಿಲ ಸಂದಿಯ ಬೆಳಕಿಗೆ ಪುಸ್ತಕ ಹಿಡಿದು ಕೂತರೆ, ಸಂಜೆ ಆರಕ್ಕೆ ಯಾರೋ ಚಹಾಕ್ಕೆ ಕರೆದಾಗ, ಈ ಮನೆ ಯಾರದು, ಕರೆಯುತ್ತಿರುವ ಈಕೆ ಯಾವ ಪಕ್ಷದವಳು, ಚಾಲುಕ್ಯರ ಕಡೆಯೋ ಕಳಚುರಿಗಳ ಕಡೆಯೋ ಎಂದು ಒಂದು ಗಳಿಗೆ ತಬ್ಬಿಬ್ಬಾಗುವಷ್ಟು ದೂರ ಹೋಗಿರುತ್ತೇನೆ.

ಈಗ ಒಂದು ಸಮಸ್ಯೆ ಎದ್ದಿದೆ. ಪಕ್ಕದ ಮನೆಯ ಕಾಕಾ, ಪುಸ್ತಕ ಎದಕ್ಕ ಬರ್ತದ ಎಂದು ಮೊದಲು ಕೇಳಿದವರಲ್ಲಿ ಇವರೂ ಒಬ್ಬರು, ಒಂದು ಮಧ್ಯಾಹ್ನ ಕರೆಂಟಿಲ್ಲದ ಸಂಕಟಕ್ಕೆ ಒಂದನೇ ಸಂಪುಟ ಒಯ್ದರು. ತಿರುಗಿಸಿ ತಂದುಕೊಟ್ಟು ಎರಡನೆಯದು ಒಯ್ದರು. ಹಾಗೇ ನಾಲ್ಕು ಮುಗಿದವು. ಐದನೆಯದು, 'ಮುಗಿಯದ ಕನಸು', ಹೋದದ್ದು ವಾಪಸು ಬರಲೇ ಇಲ್ಲ. ಕೇಳಿದರೆ ಅಳಿಯ ಒಯ್ದನಂತೆ, ಹುಮನಾಬಾದಿಗೆ. ಅಳಿಯನನ್ನು ಕೇಳಿದರೆ ಅವರ ಅಣ್ಣ ಓದುತ್ತಿದ್ದಾನಂತೆ, ಉದಗೀರದಲ್ಲಿ. ಪುಸ್ತಕ ಆಗಲೇ ರಾಜ್ಯದ ಗಡಿ ದಾಟಿದೆ. ನಿನ್ನೆ ಕಾಕಾ ಬಂದು ಕಟ್ಟೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಆರನೆಯದು ಕೊಡು ಅಂದರು.

"ಐದನೇದು ಬರದೆ ಆರನೇದು ಕೊಡಂಗಿಲ್ಲ ಕಾಕಾ."

"ಅಲ್ಲೋ, ಶರಣರಿಗಿ ಏನಾಯ್ತು ಅಂತ ನನಗ ರಾತ್ರಿ ನಿದ್ದಿ ಬರವಲ್ದು."

"ಏನಾಯ್ತು ಅಂತ ನಿಮಗ ಮೊದಲೇ ಗೊತ್ತದಲ್ಲ. ಬಸವ ಜಯಂತಿ ದಿನ ಪ್ರತಿ ವರ್ಷ ನೀವೇ ಭಾಷಣ ಮಾಡ್ತೀರಿ."

"ಅದು ಭಾಷಣ. ಇದರಾಗ ಬ್ಯಾರೆ ಏನರೆ ಆಗಿರಬಹುದಲ್ಲ, ಕೊಡೋ."